ಕಂಪನಿಯ ಪ್ರಶ್ನಾವಳಿಗೆ ಸಹಿ ಹಾಕುವ ಮುನ್ನ: ಖರೀದಿದಾರರು ಮತ್ತು ಪೂರೈಕೆದಾರರ ಪ್ರಶ್ನೋತ್ತರ

(ದಾವಣಗೆರೆ–ಹರಿಹರ ಭಾಗದ ಸಣ್ಣ ಉದ್ಯಮಿಗಳ ಗುಂಪಿನಲ್ಲಿ ಬಂದ ಪ್ರಶ್ನೆಗಳು. ಉತ್ತರಿಸಿದವರು ದೊಡ್ಡ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಈಗ ದಾವಣಗೆರೆಯಲ್ಲಿ ನೆಲೆಸಿರುವ ಸದಸ್ಯರು.)

ಪ್ರಶ್ನೆ: ಸರ್, ನಮಸ್ಕಾರ. ಹರಿಹರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂರು ಹಳೆಯ ಕಿರ್ಲೋಸ್ಕರ್ ಲೇತ್, ಎರಡು ಸಿಎನ್‌ಸಿ, ಹದಿನಾಲ್ಕು ಜನ ಕೆಲಸಗಾರರು. ಹನ್ನೊಂದು ವರ್ಷದಿಂದ ಮಾಲು ಕೊಡುತ್ತಿರುವ ಕಂಪನಿಯಿಂದ ಈಗ 140 ಪ್ರಶ್ನೆಗಳ ಫಾರಂ ಬಂದಿದೆ. ಕೆಲಸಗಾರರ ವಯಸ್ಸು, ಪಿಎಫ್, ಇಎಸ್‌ಐ ಅಷ್ಟೇ ಅಲ್ಲ, ನಾನು ಹೊರಗೆ ಕೊಡುವ ಪ್ಲೇಟಿಂಗ್ (ಲೋಹದ ಲೇಪ) ಕೆಲಸದ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿದ್ದಾರೆ. ಕೊನೆಯಲ್ಲಿ 'ನಾನೂ ನನ್ನ ಉಪಗುತ್ತಿಗೆದಾರರೂ ಎಲ್ಲ ಕಾನೂನು ಪಾಲಿಸುತ್ತೇವೆ' ಎಂದು ಸಹಿ ಮಾಡಬೇಕಂತೆ. ನನ್ನ ಬಿಲ್ಲಿನ ಹಣ ಬರುವುದು ಮಾತ್ರ 90 ದಿನಕ್ಕೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಇದನ್ನು ನಿಮ್ಮ ಮೇಲಿನ ಅನುಮಾನವೆಂದು ತಿಳಿಯಬೇಡಿ. ಮಾರುಕಟ್ಟೆ ಮೌಲ್ಯದಲ್ಲಿ ಮುಂದಿರುವ 1000 ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳು ತಮ್ಮ ಪರಿಸರ, ಕಾರ್ಮಿಕ ಮತ್ತು ಆಡಳಿತ ಸಂಬಂಧಿ ನಡವಳಿಕೆಯ ವರದಿಯನ್ನು 2022–23ರ ಆರ್ಥಿಕ ವರ್ಷದಿಂದ ಕಡ್ಡಾಯವಾಗಿ ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ಆದೇಶಿಸಿತು. ಮುಂದೆ ಮೊದಲ 250 ಕಂಪನಿಗಳಿಗೆ ಪೂರೈಕೆದಾರರ ವಿವರವನ್ನೂ ಕೇಳುವ ಕ್ರಮ ಬಂತು. ಅದು ಸ್ವಇಚ್ಛೆಯ ನೆಲೆಯಲ್ಲಿ, ಅದೂ ಒಟ್ಟು ಖರೀದಿಯಲ್ಲಿ ತಲಾ ಶೇ 2 ಅಥವಾ ಹೆಚ್ಚು ಪಾಲಿರುವವರಿಗೆ ಸಂಬಂಧಿಸಿದ್ದು. ಹದಿನಾಲ್ಕು ಜನರ ವರ್ಕ್‌ಶಾಪ್ ಆ ಶೇ 2ರ ಹತ್ತಿರಕ್ಕೂ ಹೋಗಿರಲಾರದು. ಆದರೆ ಕಚೇರಿಯಲ್ಲಿ ಕುಳಿತವರಿಗೆ ಸಾವಿರ ಜನಕ್ಕೆ ಒಂದೇ ಫಾರಂ ಕಳಿಸುವುದು ಸುಲಭ. ಕಂಪನಿಗೆ ಜರ್ಮನಿಯ ಗ್ರಾಹಕರಿದ್ದರೆ, 2023ರಿಂದ ಅಲ್ಲಿ ಜಾರಿಯಲ್ಲಿರುವ ಪೂರೈಕೆ ಸರಪಳಿ ಕಾನೂನಿನ ಒತ್ತಡವೂ ಇದರ ಹಿಂದೆ ಇರಬಹುದು.

ಫಾರಂ ತುಂಬುವಾಗ ಎಲ್ಲದಕ್ಕೂ 'ಹೌದು' ಎಂದು ಗುರುತು ಹಾಕಬೇಡಿ. ಹದಿನಾಲ್ಕು ಜನರಿರುವುದರಿಂದ ನಿಮಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಅನ್ವಯಿಸುತ್ತದೆ. ಪಿಎಫ್ ಕಡ್ಡಾಯವಾಗುವುದು ಇಪ್ಪತ್ತು ಜನರಿಂದ, ಆದ್ದರಿಂದ ಸ್ವತಃ ನೋಂದಾಯಿಸಿಕೊಂಡಿಲ್ಲದಿದ್ದರೆ ಅಲ್ಲಿ 'ಅನ್ವಯಿಸುವುದಿಲ್ಲ' ಎಂದೇ ಬರೆಯಿರಿ. ಸರಿಯಾಗಿ ತುಂಬಿದ ಒಂದು 'ಇಲ್ಲ'ವನ್ನು ನೋಡಿದರೆ ಉಳಿದ ಉತ್ತರಗಳ ಮೇಲೂ ನಂಬಿಕೆ ಬರುತ್ತದೆ ಎಂಬುದು ಫಾರಂಗಳನ್ನು ಓದುವ ಕಡೆ ಕುಳಿತಿದ್ದ ನನ್ನ ಅನುಭವ.

ಪ್ಲೇಟಿಂಗ್ ಪ್ರಶ್ನೆಯನ್ನು ಮಾತ್ರ ಹಗುರವಾಗಿ ಬಿಡಬೇಡಿ. ಜಿಂಕ್ ಪ್ಲೇಟಿಂಗ್‌ನ ಕೆಲವು ತೊಟ್ಟಿಗಳಲ್ಲಿ ಸಯನೈಡ್ ಇರುತ್ತದೆ, ಹಳದಿ ಬಣ್ಣ ಕೊಡುವ ದ್ರಾವಣದಲ್ಲಿ ಬಹಳ ಕಡೆ ಕ್ರೋಮಿಯಂ ಇರುತ್ತದೆ. ಸಂಸ್ಕರಿಸದೆ ಚರಂಡಿಗೆ ಬಿಟ್ಟರೆ ನಮ್ಮ ಊರಲ್ಲಿ ಅದು ಸೇರುವುದು ತುಂಗಭದ್ರೆಯನ್ನೇ. ಪ್ಲೇಟಿಂಗ್ ಮಾಡಿಕೊಡುವವರ ಬಳಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಪ್ರತಿಯನ್ನೂ, ಗಸಿಯನ್ನು ಯಾರಿಗೆ ಒಪ್ಪಿಸುತ್ತಾರೆ ಎಂಬ ರಸೀದಿಯನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅದನ್ನೇ ಕಂಪನಿಗೆ ತಿಳಿಸಿ. ಸಹಿಯ ವಾಕ್ಯವನ್ನು 'ನನ್ನ ವರ್ಕ್‌ಶಾಪಿನ ಮಟ್ಟಿಗೆ, ಮತ್ತು ಇದರೊಂದಿಗೆ ಲಗತ್ತಿಸಿರುವ ದಾಖಲೆಗಳಷ್ಟರ ಮಟ್ಟಿಗೆ' ಎಂದು ತಿದ್ದಿ ಕಳಿಸಿ. ಇನ್ನೊಬ್ಬರ ಪರವಾಗಿ ನಿಮಗೆ ತಿಳಿಯದ ಸಂಗತಿಗೆ ಹೊಣೆ ಹೊರಬೇಡಿ.

ಇನ್ನು 90 ದಿನ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮಗೆ ನೀತಿಯ ಪ್ರಶ್ನಾವಳಿ ಕಳಿಸಿದ ಕಂಪನಿ ತಾನೇ ಇದನ್ನು ಪಾಲಿಸುತ್ತಿಲ್ಲ ಎಂಬುದನ್ನು ಫಾರಂನ 'ಇತರೆ' ಕಾಲಂನಲ್ಲಿ ವಿನಯದಿಂದ ನಮೂದಿಸಿ.

ಪ್ರಶ್ನೆ: ಸರ್, ನಾನು ದಾವಣಗೆರೆಯವಳು, ಬೆಂಗಳೂರಿನ ದೊಡ್ಡ ಉಡುಪು ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದೇನೆ. ನಮ್ಮ ಪೂರೈಕೆದಾರರೆಲ್ಲರಿಗೂ ಕಾರ್ಖಾನೆ ತಪಾಸಣೆಯ ಆಡಿಟ್‌ನಲ್ಲಿ 90ಕ್ಕಿಂತ ಹೆಚ್ಚು ಅಂಕ. ಆದರೂ ಒಬ್ಬರು ನಮ್ಮ ಮಾಲನ್ನು ಗುಟ್ಟಾಗಿ ಬೇರೆ ಶೆಡ್‌ನಲ್ಲಿ ಹೊಲಿಸುತ್ತಿದ್ದದ್ದು ಗೊತ್ತಾಯಿತು. ಆಡಿಟ್ ಇನ್ನೂ ಬಿಗಿ ಮಾಡಬೇಕೆ?

ಉತ್ತರ: ಬಿಗಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತಾಗ, ಕೆಲವೇ ವಾರಗಳ ಹಿಂದೆ ಅದಕ್ಕೆ ಕಾರ್ಮಿಕ ಸುರಕ್ಷತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಮರುವರ್ಷ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರೊಳಗಿನ ಕಾರ್ಖಾನೆಗಳಲ್ಲಿಯೂ ಆಡಿಟ್ ಆಗಿತ್ತು. ಗೋಡೆಯ ಬಿರುಕನ್ನು ಹಿಂದಿನ ದಿನವೇ ಕಂಡಿದ್ದರೂ ಕೆಲಸಗಾರರನ್ನು ಒಳಗೆ ಕಳಿಸಲಾಗಿತ್ತು. ಮೊದಲೇ ತಿಳಿಸಿ ಬರುವ ತಪಾಸಣೆಗೆ ಕಾಣುವುದು ಆ ದಿನಕ್ಕಾಗಿ ಗುಡಿಸಿಟ್ಟ ಅಂಗಳ ಮಾತ್ರ.

ಪೂರೈಕೆದಾರರ ಕಡತ ತೆಗೆಯುವ ಮೊದಲು ನಿಮ್ಮದೇ ಪರ್ಚೇಸ್ ಆರ್ಡರ್ ತೆಗೆದು ಲೆಕ್ಕ ಹಾಕಿ. 60 ಹೊಲಿಗೆ ಮೆಷಿನ್, ದಿನಕ್ಕೆ ಎಂಟು ಗಂಟೆ, ಅಂಗಿಯೊಂದಕ್ಕೆ 20 ನಿಮಿಷ, ದಕ್ಷತೆ ಶೇ 50 ಎಂದಿಟ್ಟುಕೊಂಡರೆ ದಿನಕ್ಕೆ 720 ಅಂಗಿ, ಹನ್ನೆರಡು ಕೆಲಸದ ದಿನಗಳಿಗೆ 8,640. ನೀವು ಬಣ್ಣದ ಒಪ್ಪಿಗೆಯನ್ನು ಎರಡು ವಾರ ತಡಮಾಡಿ, ತಲುಪಿಸುವ ದಿನಾಂಕ ಮಾತ್ರ ಬದಲಿಸದೆ, ಅದೇ ಹನ್ನೆರಡು ದಿನದಲ್ಲಿ 15,000 ಕೇಳಿದ್ದರೆ, ಉಳಿದ 6,360 ಅಂಗಿಗಳು ರಾತ್ರಿಯಲ್ಲೋ ಬೇರೆ ಶೆಡ್‌ನಲ್ಲೋ ತಯಾರಾಗಬೇಕೇ ಹೊರತು ಮೂರನೆಯ ದಾರಿಯಿಲ್ಲ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂದು ಕಾನೂನಿದೆ, ಆದರೆ ಆ ದುಪ್ಪಟ್ಟು ನಿಮ್ಮ ದರದೊಳಗೆ ಇತ್ತೇ ಎಂಬುದನ್ನು ನೋಡಿ.

ಇದನ್ನು ನಾನು ಓದಿ ಕಲಿತದ್ದಲ್ಲ. ಒಮ್ಮೆ ಆನ್‌ಲೈನ್ ಹರಾಜಿನಲ್ಲಿ ದರವನ್ನು ಇಳಿಸುತ್ತಾ ಹೋಗಿ, ಕೊನೆಗೆ ಗೆದ್ದವರ ದರ ಕೂಲಿ ಮತ್ತು ಕಚ್ಚಾ ಮಾಲಿನ ವೆಚ್ಚಕ್ಕಿಂತಲೂ ಕಡಿಮೆ ಇದೆಯೆಂಬುದು ಮೇಲ್ನೋಟಕ್ಕೇ ಕಾಣುತ್ತಿದ್ದರೂ ನಾನು ಸಹಿ ಹಾಕಿದೆ. ಉಳಿತಾಯದ ಪಟ್ಟಿಯಲ್ಲಿ ಹೆಸರೂ ಬಂತು. ಆರು ತಿಂಗಳಿಗೆ ಆ ಕೆಲಸ ಹಾಜರಿ ಪುಸ್ತಕವೇ ಇಲ್ಲದ ಒಂದು ಶೆಡ್ಡಿಗೆ ಹೋಗಿತ್ತು. ನಾವು ಪೂರೈಕೆದಾರನನ್ನು ಪಟ್ಟಿಯಿಂದ ತೆಗೆದುಹಾಕಿದೆವು. ಹರಾಜಿನ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಸ್ಥಳಕ್ಕೆ ಹೋದಾಗ ಹಾಜರಿ ಪುಸ್ತಕ, ಉತ್ಪಾದನೆಯ ಲೆಕ್ಕ ಮತ್ತು ವಿದ್ಯುತ್ ಬಿಲ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಜೆಯ ದಿನ ಕರೆಂಟ್ ಉರಿದಿದ್ದರೆ ಅಥವಾ ಮೆಷಿನ್ ಶಕ್ತಿಗಿಂತ ಹೆಚ್ಚು ಮಾಲು ಹೊರಬಿದ್ದಿದ್ದರೆ ಕಾರಣ ಕೇಳಿ. ಕೆಲಸದ ಹೆಣ್ಣುಮಕ್ಕಳೊಂದಿಗೆ ಮೇಸ್ತ್ರಿಯ ಎದುರು ಮಾತಾಡಬೇಡಿ. ತಪ್ಪು ಕಂಡ ಕೂಡಲೇ ಆರ್ಡರ್ ನಿಲ್ಲಿಸಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಅವರೇ ಆದ್ದರಿಂದ, ತಿದ್ದಿಕೊಳ್ಳಲು ಅವಧಿ ಕೊಟ್ಟು, ಬಾಕಿ ಕೂಲಿ ಕೊಡಿಸಿ, ಆಮೇಲೆ ನಿರ್ಧರಿಸಿ. ಹದಿನಾಲ್ಕು ವರ್ಷದೊಳಗಿನ ಮಗು ಕಂಡರೆ ಮಾತ್ರ ಕೆಲಸ ಅಂದೇ ನಿಲ್ಲಬೇಕು, ಅಧಿಕಾರಿಗಳಿಗೆ ತಿಳಿಸಬೇಕು, ಮಗು ಶಾಲೆ ಸೇರಿತೇ ಎಂದು ನಿಮ್ಮ ಕಂಪನಿಯೇ ವಿಚಾರಿಸಬೇಕು.

ಪ್ರಶ್ನೆ: ನಮ್ಮದು ಪಶು ಆಹಾರದ ಕಂಪನಿಗೆ ಮೆಕ್ಕೆಜೋಳ ಖರೀದಿ. ದಾವಣಗೆರೆ ಎಪಿಎಂಸಿಯಲ್ಲಿ ದಲಾಲರ ಮೂಲಕ ಕೊಂಡ ಮಾಲು ಯಾವ ರೈತನದೆಂದು ತೋರಿಸುವುದು ಹೇಗೆ?

ಉತ್ತರ: ರಾಶಿ ಬೆರೆತ ಮೇಲೆ ತೋರಿಸಲಾಗದು, ತೋರಿಸುವ ಪಟ್ಟಿಯನ್ನು ಸೃಷ್ಟಿಸಲೂ ಬೇಡಿ. ತೂಕ ಸರಿಯಿತ್ತೇ, ತೇವಾಂಶದ ನೆಪದಲ್ಲಿ ಎಷ್ಟು ಕಳೆದರು, ರೈತನಿಗೆ ಹಣ ಎಂದು ಸಂದಿತು, ಹಮಾಲರಿಗೆ ಕೂಲಿ ಮುಟ್ಟಿತೇ ಎಂಬುದನ್ನು ಪ್ರಾಂಗಣದಲ್ಲಿ ನಿಂತು ನೋಡಬಹುದು. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ನೀವು ಕೊಂಡ ದರವನ್ನು ಅದರ ಪಕ್ಕದಲ್ಲಿ ಬರೆದಿಡಿ.

ಪ್ರಶ್ನೆ (ಹರಿಹರದ ವರ್ಕ್‌ಶಾಪ್ ಮಾಲೀಕರಿಂದ): ಸರ್, ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ನಿಲ್ಲುವುದಿಲ್ಲವೇ?

ಉತ್ತರ: ನಿಲ್ಲಲೂಬಹುದು, ಸುಳ್ಳು ಧೈರ್ಯ ಹೇಳಲಾರೆ. ಅದಕ್ಕೇ ಬಡ್ಡಿಯಿಂದ ಶುರುಮಾಡಬೇಡಿ. ತಯಾರಕರೆಂದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ ಪ್ರತಿ ಬಿಲ್ಲಿನ ಮೇಲೂ ಆ ಸಂಖ್ಯೆ ಹಾಕಿ. ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಟ್ರೆಡ್ಸ್ ಎಂಬ, ಬಿಲ್ಲಿನ ಮೇಲೆ ಹಣ ಕೊಡಿಸುವ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಬೇಕೆಂದು 2024ರ ನವೆಂಬರ್‌ನಲ್ಲಿ ಅಧಿಸೂಚನೆ ಬಂದಿದೆ. ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಳ್ಳಿ ಎಂದು ಕೇಳಿದರೆ ಬ್ಯಾಂಕ್ ಮೊದಲೇ ಹಣ ಕೊಡುತ್ತದೆ, ಕಂಪನಿ ಆಮೇಲೆ ಬ್ಯಾಂಕಿಗೆ ಕಟ್ಟಿಕೊಳ್ಳುತ್ತದೆ. ಕೊನೆಯ ಮೆಟ್ಟಿಲು ಫೆಸಿಲಿಟೇಷನ್ ಕೌನ್ಸಿಲ್, ಅಂದರೆ ಸಣ್ಣ ಉದ್ಯಮಗಳ ಬಾಕಿ ವಿವಾದ ತೀರ್ಮಾನಿಸುವ ಸರ್ಕಾರಿ ಮಂಡಳಿ. ಅದರ ತೀರ್ಪನ್ನು ಪ್ರಶ್ನಿಸಲು ಕಂಪನಿ ಮೊದಲು ಶೇ 75 ಹಣ ಠೇವಣಿ ಇಡಬೇಕು.

ಪತ್ರವನ್ನು ಖರೀದಿಯವರಿಗಲ್ಲ, ಅಕೌಂಟ್ಸ್ ವಿಭಾಗಕ್ಕೆ, ಫೆಬ್ರವರಿಯಲ್ಲಿ ಬರೆಯಿರಿ. ಗಡುವು ಮೀರಿದ ನಿಮ್ಮ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಆ ವರ್ಷ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಲು ಅವರಿಗೆ ಆಗುವುದಿಲ್ಲ; ಆ ತಿಂಗಳಲ್ಲಿ ಸಣ್ಣ ಉದ್ಯಮಗಳ ಪಟ್ಟಿ ಅವರ ಮೇಜಿನ ಮೇಲೆಯೇ ಇರುತ್ತದೆ.