ರಾತ್ರಿ ಶುಗರ್ 126, ಬೆಳಿಗ್ಗೆ 191! ಮಿಷನ್ ಕೆಟ್ಟಿದೆಯಾ?

ತೋಟದಮನೆ:
ಅಮ್ಮನಿಗೆ ಟೈಪ್ 2 ಶುಗರ್. ಮಾತ್ರೆ ಅಷ್ಟೇ, ಇನ್ಸುಲಿನ್ ಇಲ್ಲ. ರಾತ್ರಿ ಹತ್ತಕ್ಕೆ 126 ಇತ್ತು, ಆಮೇಲೆ ನೀರು ಬಿಟ್ಟು ಏನೂ ಮುಟ್ಟಿಲ್ಲ, ಬೆಳಿಗ್ಗೆ ಆರಕ್ಕೆ ನೋಡಿದರೆ 191. ಮೂರು ದಿನದಿಂದ ಇದೇ ಕತೆ. ಸ್ಟ್ರಿಪ್ ಹೊಸದು. ರಾತ್ರಿ ಕದ್ದು ಏನಾದರೂ ತಿಂತೀಯಾ ಅಂತ ಕೇಳಿ ಬೈಸಿಕೊಂಡೆ.

ಲ್ಯಾಬ್ ಅಕ್ಕ:
ಚುಚ್ಚುವ ಮುಂಚೆ ಸೋಪ್ ಹಾಕಿ ಕೈ ತೊಳೆದು, ಒಣಗಿಸಿಕೊಳ್ತಾರಾ? ಮೊದಲು ಅದನ್ನು ನೋಡಿ.

ತೋಟದಮನೆ:
ಅಕ್ಕಾ, ಸಿಕ್ಕಿಬಿತ್ತು! ಎದ್ದ ಕೂಡಲೇ ನಮ್ಮ ಕಾಫಿಗೆ ಬೆಲ್ಲ ಕುಟ್ಟಿ, ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬೆರಳು ಕೊಡ್ತಾರೆ. ತೊಳೆಸಿದ ಮೇಲೆ ಇವತ್ತು 154. ಆದರೂ ರಾತ್ರಿಗಿಂತ ಜಾಸ್ತಿನೇ ಅಲ್ವಾ?

ಲ್ಯಾಬ್ ಅಕ್ಕ:
ಮಿಷನ್ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು. ಆದರೆ ದಿನಾ ಏರುತ್ತಿದ್ದರೆ ಅದು ಮಿಷನ್ ತಪ್ಪಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶ ಇನ್ಸುಲಿನ್ ಬಿಡುತ್ತೆ, ಅದರ ಪಕ್ಕದಲ್ಲೇ ಇರುವ ಆಲ್ಫಾ ಕೋಶ ಗ್ಲುಕಗಾನ್ ಬಿಡುತ್ತೆ. ಇನ್ಸುಲಿನ್ ಎಲ್ಲರಿಗೂ ಗೊತ್ತು, ಗ್ಲುಕಗಾನ್ ಅಂದರೆ ಯಾರೂ ಕೇಳಿಲ್ಲ! ನಾವು ಮಲಗಿದಾಗ ಮಿದುಳಿಗೂ ಸಕ್ಕರೆ ಬೇಕಲ್ಲ, ಅದಕ್ಕೆ ಗ್ಲುಕಗಾನ್ ಲಿವರಿಗೆ ಹೇಳಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತೆ, ಜಾಸ್ತಿಯಾದರೆ ಇನ್ಸುಲಿನ್ ತಡೆಯುತ್ತೆ. ಟೈಪ್ 2 ಇದ್ದವರಲ್ಲಿ ಆ ತಡೆ ಸಡಿಲ. ಅದರ ಮೇಲೆ ಬೆಳಗಿನ ಜಾವ ಕಾರ್ಟಿಸಾಲ್ ಅನ್ನೋ ಹಾರ್ಮೋನು, ಬೆಳವಣಿಗೆಯ ಹಾರ್ಮೋನು ಎರಡೂ ಏರಿ ಸಕ್ಕರೆಯನ್ನು ಇನ್ನೂ ಏರಿಸುತ್ತವೆ. ಪಾಪ, ಅಮ್ಮ ಏನೂ ತಿಂದಿಲ್ಲ.

ಬಯಾಲಜಿ ಮೇಷ್ಟ್ರು:
ನನ್ನ ಪಿಯುಸಿ ಮಕ್ಕಳು ಪ್ರತಿ ವರ್ಷ ಗ್ಲುಕಗಾನ್ ಬರೆಯೋ ಕಡೆ ಗ್ಲೈಕೋಜೆನ್ ಬರೆಯುತ್ತಾರೆ. ಗ್ಲೈಕೋಜೆನ್ ಅಂದರೆ ಲಿವರಿನಲ್ಲಿ ಕೂಡಿಟ್ಟ ಆ ಸಕ್ಕರೆ, ಕಣಜದಲ್ಲಿರೋ ಭತ್ತ; ಗ್ಲುಕಗಾನ್ ಕಣಜದ ಬಾಗಿಲು ತೆಗೆಯೋ ಕೈ. ಇವೆರಡು ಕೋಶಗಳ ಜೊತೆ ಡೆಲ್ಟಾ ಅಂತ ಇನ್ನೊಂದಿದೆ, ಅದರ ಸೊಮಾಟೊಸ್ಟಾಟಿನ್ ಇನ್ಸುಲಿನ್, ಗ್ಲುಕಗಾನ್ ಇಬ್ಬರನ್ನೂ ಸುಮ್ಮನಿರಿಸುತ್ತೆ. ಈ ಕೋಶಗಳ ಗುಂಪನ್ನು 1869ರಲ್ಲಿ ಮೊದಲು ಗುರುತಿಸಿದ ಪಾಲ್ ಲ್ಯಾಂಗರ್‌ಹ್ಯಾನ್ಸ್ ಆಗಿನ್ನೂ ವಿದ್ಯಾರ್ಥಿ, ಅವು ಯಾಕಿವೆ ಅಂತ ಅವನಿಗೂ ಗೊತ್ತಾಗಲಿಲ್ಲ.

ತೋಟದಮನೆ:
ಹಾಗಾದರೆ ರಾತ್ರಿ ಊಟ ಬಿಡಿಸಲಾ?

ಲ್ಯಾಬ್ ಅಕ್ಕ:
ಬೇಡ ಮಾರಾಯ! ಮಾತ್ರೆಯನ್ನೂ ನೀವೇ ಹೆಚ್ಚುಕಮ್ಮಿ ಮಾಡಬೇಡಿ. ನಾಲ್ಕೈದು ದಿನ ರಾತ್ರಿ, ಬೆಳಿಗ್ಗೆ ಎರಡನ್ನೂ ಬರೆದಿಡಿ, ಒಂದೆರಡು ದಿನ ನಡುರಾತ್ರಿ ಮೂರಕ್ಕೂ ನೋಡಿ. ಆಗ ತುಂಬಾ ಇಳಿದಿದ್ದರೆ ವಿಷಯವೇ ಬೇರೆ. ಆ ಚೀಟಿ ಡಾಕ್ಟರಿಗೆ ತೋರಿಸಿ.

ತೋಟದಮನೆ:
ಮೂರು ಗಂಟೆಗೆ 131, ಆರಕ್ಕೆ 152. ಬರೆದಿಟ್ಟಿದ್ದೇನೆ, ಸೋಮವಾರ ಡಾಕ್ಟರ್ ಹತ್ತಿರ ಹೋಗ್ತೀವಿ. ನಿದ್ದೆ ಕೆಡಿಸಿದ್ದಕ್ಕೆ ಅಮ್ಮ ಮತ್ತೆ ಬೈದರು.