ಫ್ಲಾಟ್‌ಪ್ಯಾಕ್ ಫೈರ್‌ಫಾಕ್ಸ್‌ನಲ್ಲಿ ಮಕ್ಕಳ ಪುಟದ ಫೋಟೋಗಳು ಬರುತ್ತಿಲ್ಲ

ತುಂಗಾತೀರದ ಟೀಚರ್:
ತೀರ್ಥಹಳ್ಳಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಲ್ಯಾಬಿನಲ್ಲಿ ಇರುವುದೆಲ್ಲ ಡೆಬಿಯನ್ 12 ಲಿನಕ್ಸ್. ಫೈರ್‌ಫಾಕ್ಸ್ ಮಾತ್ರ ಫ್ಲಾಟ್‌ಹಬ್‌ನಿಂದ, ಅಂದರೆ ಫ್ಲಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ ಲಿನಕ್ಸ್ ಆ್ಯಪ್‌ಗಳು ಸಿಗುವ ತಾಣದಿಂದ, ಹಾಕಿದ್ದೇನೆ. ಒಂಬತ್ತನೇ ಕ್ಲಾಸಿನವರು ಮಂಡಗದ್ದೆ ಪಕ್ಷಿಧಾಮದ ಬಗ್ಗೆ ಎಚ್‌ಟಿಎಂಎಲ್ ಪುಟ ಮಾಡಿದ್ದಾರೆ. ಬೆಳ್ಳಕ್ಕಿ, ನೀರುಕಾಗೆ ಫೋಟೋಗಳೆಲ್ಲ ಅವರೇ ತೆಗೆದದ್ದು, ಪುಟದ ಜೊತೆ ಒಂದೇ ಫೋಲ್ಡರಿನಲ್ಲಿವೆ. ಪುಟ ತೆರೆದರೆ ಅಕ್ಷರ ಬರುತ್ತದೆ, ಫೋಟೋ ಒಂದೂ ಬರುವುದಿಲ್ಲ. ಅದೇ ಫೋಲ್ಡರನ್ನು ಡೌನ್‌ಲೋಡ್ಸ್ ಒಳಗೆ ಹಾಕಿದರೆ ಎಲ್ಲ ಸರಿ! ತಮ್ಮ ಕೋಡೇ ತಪ್ಪು ಅಂದುಕೊಂಡು ಮಕ್ಕಳು ಸಪ್ಪಗಾಗಿದ್ದಾರೆ. ಶನಿವಾರ ಪೋಷಕರಿಗೆ ತೋರಿಸಬೇಕು. ಯಾಕೆ ಹೀಗಾಗುತ್ತಿದೆ?

ಸಾಗರದವ:
ಫ್ಲಾಟ್‌ಪ್ಯಾಕ್ ಆ್ಯಪ್‌ಗಳ ಅನುಮತಿ ಬದಲಿಸುವ ಫ್ಲಾಟ್‌ಸೀಲ್ ಎಂಬ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಫೈರ್‌ಫಾಕ್ಸ್ ಆರಿಸಿ, ಹೋಮ್ (ನಿಮ್ಮ ಫೈಲ್‌ಗಳೆಲ್ಲ ಇರುವ ಫೋಲ್ಡರ್) ಪೂರ್ತಿ ನೋಡಲು ಅನುಮತಿ ಕೊಟ್ಟುಬಿಡಿ. ನಾನು ಮನೆಯಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ.

ಮಳೆನಾಡಿಗ:
ಟೀಚರ್, ಕೋಡ್ ಸರಿಯಾಗಿದೆ. ಮೊದಲು ಮಕ್ಕಳಿಗೆ ಅದನ್ನು ಹೇಳಿ. ನಿಮ್ಮ ಫೈರ್‌ಫಾಕ್ಸ್ ಇರುವುದು ಸ್ಯಾಂಡ್‌ಬಾಕ್ಸ್ ಒಳಗೆ, ಅಂದರೆ ಉಳಿದ ಫೈಲ್‌ಗಳಿಂದ ಬೇರ್ಪಡಿಸಿದ ಬೇಲಿಯೊಳಗೆ. ನಿಮ್ಮ ಫೋಲ್ಡರುಗಳಲ್ಲಿ ಅದಕ್ಕೆ ಡೌನ್‌ಲೋಡ್ಸ್ ಮಾತ್ರ ಕಾಣುತ್ತದೆ. ಬೇರೆ ಕಡೆಯ ಫೈಲ್ ಆರಿಸಿದರೆ ಪೋರ್ಟಲ್ (ಆ ಬೇಲಿಯ ಬಾಗಿಲು ಕಾಯುವ ವ್ಯವಸ್ಥೆ) ಆ ಒಂದೇ ಫೈಲನ್ನು ಒಳಗೆ ಬಿಡುತ್ತದೆ. ಪಕ್ಕದಲ್ಲೇ ಇರುವ ಫೋಟೋ ಹೊರಗೇ ಉಳಿಯುತ್ತದೆ. ಅಡ್ರೆಸ್ ಬಾರ್ ನೋಡಿ, ನಿಮ್ಮ ಫೋಲ್ಡರಿನ ಹೆಸರಿನ ಬದಲು 'ರನ್', 'ಯೂಸರ್', 'ಡಾಕ್' ಅಂತೆಲ್ಲ ಇರುತ್ತದೆ.

ಹೋಮ್ ಪೂರ್ತಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಶಾಲೆಯ ಯಂತ್ರ, ಅಂಕಪಟ್ಟಿಯೂ ಅಲ್ಲೇ ಇರುತ್ತದೆ ಅಲ್ವಾ? ಅಡಿಕೆ ಸುಲಿಯಲು ಬಂದವರಿಗೆ ಅಂಗಳ ತೋರಿಸಿದರೆ ಸಾಕು, ಉಗ್ರಾಣದ ಬೀಗದ ಕೈ ಬೇಡ. ಅದರಲ್ಲೂ ಬ್ರೌಸರ್ ದಿನವಿಡೀ ಹೊರಗಿನ ಪುಟ ತೆರೆಯುವ ಆ್ಯಪ್. ಫ್ಲಾಟ್‌ಸೀಲ್‌ನ ಫೈಲ್‌ಸಿಸ್ಟಮ್ ಭಾಗದಲ್ಲಿ ಮಕ್ಕಳ ಫೋಲ್ಡರಿನ ದಾರಿ ಮಾತ್ರ ಸೇರಿಸಿ. ಕೊನೆಗೆ ಕೋಲನ್ ಹಾಕಿ ಇಂಗ್ಲಿಷಿನ ಆರ್, ಓ ಬರೆದರೆ ಓದಲು ಮಾತ್ರ ಅನುಮತಿ. ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ತುಂಗಾತೀರದ ಟೀಚರ್:
ಬಂತು, ಎಲ್ಲ ಫೋಟೋನೂ ಬಂತು! ಪೋರ್ಟಲ್ ವಿಷಯವನ್ನೇ ನಾಳೆ ಪಾಠ ಮಾಡುತ್ತೇನೆ. ಉಳಿದ ಯಂತ್ರಗಳಲ್ಲೂ ಒಂದೊಂದಾಗಿ ಮಾಡಬೇಕಾ? ಪೆನ್‌ಡ್ರೈವ್‌ನಿಂದ ನೇರ ತೆರೆದರೆ?

ಮಳೆನಾಡಿಗ:
ಬೇಡ. ಹೋಮ್ ಒಳಗೆ ಡಾಟ್ ಲೋಕಲ್, ಶೇರ್, ಫ್ಲಾಟ್‌ಪ್ಯಾಕ್, ಓವರ್‌ರೈಡ್ಸ್ ಅಂತ ಹೋಗಿ. ಅಲ್ಲಿ ಫೈರ್‌ಫಾಕ್ಸ್ ಹೆಸರಿನ ಸಣ್ಣ ಫೈಲ್ ಇರುತ್ತದೆ. ಅದನ್ನೇ ಉಳಿದವುಗಳಲ್ಲಿ ಅದೇ ಜಾಗಕ್ಕೆ ಕಾಪಿ ಮಾಡಿ. ಫೋಲ್ಡರಿನ ದಾರಿ ಎಲ್ಲದರಲ್ಲೂ ಒಂದೇ ಇರಲಿ. ಪೆನ್‌ಡ್ರೈವ್‌ನಲ್ಲೂ ಇದೇ ತೊಂದರೆ ಬರುತ್ತದೆ. ಮೊದಲು ಆ ಫೋಲ್ಡರಿಗೆ ಕಾಪಿ ಮಾಡಿ, ಆಮೇಲೆ ತೆರೆಯಲಿ.