ಸಹಾಯ ಬೇಕು: ನಂಬರ್ ಹಾಕಿದ ಬೋದ್ಲೇರ್ ಪುಸ್ತಕ ಕೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಪ್ಯಾರಿಸ್‌ನಲ್ಲಿದ್ದೇನೆ. ಇಲ್ಲಿ ಜಾರ್ಜ್ ಬ್ರಾಸೆನ್ಸ್ ಪಾರ್ಕ್ ಹತ್ತಿರ ಶನಿವಾರ, ಭಾನುವಾರ ಹಳೆ ಪುಸ್ತಕದ ಸಂತೆ ಸೇರುತ್ತದೆ. ಅಲ್ಲಿ ಫ್ರೆಂಚ್ ಕವಿ ಬೋದ್ಲೇರ್‌ನ ‘ಲೆ ಫ್ಲರ್ ದ್ಯು ಮಾಲ್’ ಕವನ ಸಂಕಲನದ ಸಚಿತ್ರ ಲಿಮಿಟೆಡ್ ಎಡಿಷನ್ ಕಣ್ಣಿಗೆ ಬಿದ್ದಿದೆ. 1857ರ ಮೊದಲ ಮುದ್ರಣ ಅಲ್ಲ, ಅದು ನಮ್ಮಂಥವರ ಕೈಗೆ ಎಟುಕುವುದಿಲ್ಲ ಬಿಡಿ! ಇದು 1940ರ ದಶಕದ್ದು.

ಹೊಲಿಗೆ ಇಲ್ಲ. ಮಡಚಿದ ಬಿಡಿ ಹಾಳೆಗಳು, ಮೇಲೊಂದು ರಟ್ಟಿನ ಪೆಟ್ಟಿಗೆ. ಒಟ್ಟು ಎಷ್ಟು ಪ್ರತಿ, ಯಾವ ಕಾಗದ ಅಂತ ಒಂದು ಪುಟದಲ್ಲಿ ಅಚ್ಚಾಗಿದೆ, ಇದು ಎಷ್ಟನೇ ಪ್ರತಿ ಅಂತ ನಂಬರೂ ಇದೆ. ಮೊದಲ ಕೆಲವು ಪ್ರತಿಗಳು ಜಪಾನ್ ಕಾಗದದಲ್ಲಿ, ಉಳಿದವು ಆರ್ಶ್ ಎಂಬ ಫ್ರೆಂಚ್ ಕಾಗದದಲ್ಲಿ. ಇದು ಆರ್ಶ್‌ನದು. ಹಾಳೆಯನ್ನು ಬೆಳಕಿಗೆ ಹಿಡಿದರೆ ಆ ಹೆಸರಿನ ವಾಟರ್‌ಮಾರ್ಕ್ ಕಾಣುತ್ತದೆ.

ಮಾರುವವರು ನಂಬರ್ ತೋರಿಸಿಯೇ ಬೆಲೆ ಜಾಸ್ತಿ ಹೇಳುತ್ತಿದ್ದಾರೆ ಅನ್ನಿಸುತ್ತಿದೆ. ನಂಬರ್ ಇದ್ದ ಮಾತ್ರಕ್ಕೆ ಅಪರೂಪ ಅಂತೇನಿಲ್ಲ, ಅಲ್ವಾ? ಅಂಚಿನಲ್ಲಿ ಕಂದು ಚುಕ್ಕೆಗಳೂ ಇವೆ. ಅದಕ್ಕೆ ಎಷ್ಟು ಚೌಕಾಸಿ ಮಾಡಬಹುದು? ಚಿತ್ರದ ಹಾಳೆ ಒಂದೆರಡು ಕಳೆದಿದ್ದರೆ ಪತ್ತೆ ಹಚ್ಚುವುದು ಹೇಗೆ?

ಇನ್ನೊಂದು ವಿಷಯ, ಊರು ಮಂಗಳೂರು. ಅಲ್ಲಿನ ಮಳೆಗಾಲದ ತೇವದಲ್ಲಿ ಇಂಥ ಬಿಡಿ ಹಾಳೆಗಳನ್ನು ಕಾಪಾಡಿದವರು ಯಾರಾದರೂ ಇದ್ದೀರಾ? ಬೈಂಡ್ ಮಾಡಿಸಿ ಅಂತ ಮಾತ್ರ ಹೇಳಬೇಡಿ ದಯವಿಟ್ಟು. ಶನಿವಾರದೊಳಗೆ ತಿಳಿಸಿದರೆ ಉಪಕಾರ.